ಭಾವನ ಜೆಟ್ ಬೋಟು

ನನ್ನ ಗಂಡನ ಅಣ್ಣನಿಗೆ ಈಜು ಬರುವುದಿಲ್ಲ. ಷವರಿನ ಕೆಳಗೆ ನಿಂತರೆ ಉಸಿರು ಕಟ್ಟುತ್ತದೆಂದು ಇವತ್ತಿಗೂ ಬಕೆಟ್ಟು, ತಂಬಿಗೆ ಇಟ್ಟುಕೊಂಡೇ ಸ್ನಾನ ಮಾಡುತ್ತಾನೆ. ಅಂಥವನು ಜೆಟ್ ಬೋಟು ಕೊಂಡ. ಎದುರಿಗಿದ್ದಾಗ ಅವನಿಗೆ ನಾನು ಬಹುವಚನವನ್ನೇ ಕೊಡುತ್ತೇನೆ, ಸೆರಗು ಸರಿಮಾಡಿಕೊಂಡೇ ಮಾತಾಡುತ್ತೇನೆ. ಬರೆಯುವಾಗಲೂ ಆ ಕಷ್ಟ ತೆಗೆದುಕೊಳ್ಳಬೇಕೆಂದು ನನಗೆ ಅನ್ನಿಸಿಲ್ಲ.

ದಿಲ್‌ಸುಖ್‌ನಗರದಲ್ಲಿ ಅವನದು ಟೈಲ್ಸ್ ಮತ್ತು ನಲ್ಲಿ ಸಾಮಾನಿನ ಅಂಗಡಿ. ಊರವರ ಬಚ್ಚಲಿಗೆಲ್ಲ ಬಣ್ಣ ಆರಿಸಿಕೊಟ್ಟು, ಜಗತ್ತಿನ ಸಕಲ ವಿಷಯದಲ್ಲೂ ತನ್ನ ರುಚಿಯೇ ಕೊನೆಯ ಮಾತು ಎಂಬ ನಂಬಿಕೆ ಅವನಿಗೆ ಬಂದುಬಿಟ್ಟಿದೆ. ಬೋಟಿಗೂ ಮೊದಲು ಒಂದು ಭಾರಿ ಮೋಟಾರ್‌ಸೈಕಲ್ ಕೊಂಡಿದ್ದ. ಅದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಹೊದಿಕೆ ಹೊದ್ದು ಮಲಗಿತ್ತು. ಬಂದವರನ್ನೆಲ್ಲ ಕರೆದೊಯ್ದು ಹೊದಿಕೆ ಎತ್ತಿ ತೋರಿಸಿ, ಮತ್ತೆ ಮುಚ್ಚಿ ಬರುತ್ತಿದ್ದ. ಬೋಟನ್ನು ಹಾಗೆ ಮುಚ್ಚಿಡಲಾಗಲಿಲ್ಲ. ಅದಕ್ಕೆ ನೀರು ಬೇಕಿತ್ತು, ನೋಡುವ ಜನ ಬೇಕಿತ್ತು. ಊರ ಹೊರಗೆ ಅವನ ಗೆಳೆಯನೊಬ್ಬನ ಫಾರ್ಮ್‌ಹೌಸಿದೆ. ಅದರ ಬೆನ್ನಿಗೇ ಒಂದು ದೊಡ್ಡ ಕೆರೆ. ಕರಾವಳಿಯ ಯಾರಿಂದಲೋ ಕೊಂಡ ಹಳೆಯ ಬೋಟು ಲಾರಿಯ ಮೇಲೆ ಅಲ್ಲಿಗೆ ಬಂದಿಳಿಯಿತು.

ಬಂದದ್ದನ್ನು ಬಂದ ಹಾಗೆ ಇಟ್ಟುಕೊಳ್ಳುವ ಜಾಯಮಾನ ಅವನದಲ್ಲ. ಸೀಟುಗಳಿಗೆ ಕೆಂಪು ರೆಕ್ಸಿನ್ ಹೊಲಿಸಿದ. ರೆಕ್ಸಿನ್‌ಗೆ ಗೀರು ಬೀಳುತ್ತದೆಂದು ಲಂಗರನ್ನು ತೆಗೆದು ಶೆಡ್ಡಿನಲ್ಲಿಟ್ಟ. ಹುಟ್ಟು ಹಳ್ಳಿಯ ದೋಣಿಯ ಹಾಗೆ ಕಾಣುತ್ತದೆಂದು ಅದನ್ನೂ ತೆಗೆಸಿದ. ಕಾರಿಗೆ ಸಿಂಗಾರ ಮಾಡುವ ಅಂಗಡಿಯವನನ್ನು ಕರೆಸಿ, ಬೋಟಿನ ಎರಡೂ ಪಕ್ಕೆಗಳಿಗೆ ಆಳುದ್ದದ ಚಿನ್ನದ ಬಣ್ಣದ ಸಿಂಹದ ಸ್ಟಿಕರ್ ಹಚ್ಚಿಸಿದ. ಆ ಸಿಂಹಕ್ಕೆ ಯಾಕೋ ನಮ್ಮ ಮಾವನವರ ಮುಖದ ಕಳೆ ಇತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ನನ್ನ ವಿಷಯವನ್ನೂ ಹೇಳಬೇಕು. ನಾನು ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಆಟೋಮೊಬೈಲ್ ಇಂಜಿನ್ ಪಾಠ ಮಾಡುತ್ತೇನೆ. ಪುಸ್ತಕದ ಪಾಠವಷ್ಟೇ ಅಲ್ಲ, ಇಂಜಿನ್ ಬಿಚ್ಚಿ ಜೋಡಿಸಿ ತೋರಿಸುವ ಕೆಲಸ. ಗಂಡನ ಮನೆಯವರು ನೆಂಟರ ಮುಂದೆ ಇದನ್ನು "ಸೊಸಿ ಕಾಲೇಜಿನ್ಯಾಗ ಅದಾಳ್ರಿ" ಎಂಬಲ್ಲಿಗೆ ಮುಗಿಸುತ್ತಾರೆ. ಏನು ಕಲಿಸುತ್ತಾಳೆಂದು ಯಾರಾದರೂ ಕೇಳಿಬಿಟ್ಟರೆ ಅತ್ತೆ ಮಾತು ತಿರುಗಿಸಿ ಚಹಾ ತರಲು ಹೇಳುತ್ತಾರೆ.

ಬೋಟು ಇಳಿಸಿದ ಮೊದಲ ದಿನವೇ ನಡುನೀರಿನಲ್ಲಿ ನಿಂತಿತು. ಎರಡನೆಯ ಸಲವೂ ನಿಂತಿತು. ಮೂರನೆಯ ಸಲ ಭಾವ ಒಬ್ಬ ಎಕ್ಸ್‌ಪರ್ಟನ್ನು ಹುಡುಕಿಕೊಂಡು ಬಂದ. ಅವನು ಕಪ್ಪು ಕನ್ನಡಕದ ಕಾರು ಮೆಕ್ಯಾನಿಕ್. ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತೇ ರೋಗ ಹೇಳುತ್ತಿದ್ದ. ಒಂದು ವಾರ "ಪೆಟ್ರೋಲ್ ಮೇ ಪಾನಿ ಹೈ ಸಾಬ್" ಎಂದು, ನೀರು ಬೆರೆತ ನೆಪದಲ್ಲಿ ಇದ್ದ ಪೆಟ್ರೋಲೆಲ್ಲ ಚೆಲ್ಲಿಸಿದ. ಇನ್ನೊಂದು ವಾರ ಪ್ಲಗ್ಗುಗಳನ್ನೆಲ್ಲ ಬದಲಾಯಿಸಿದ. ಮತ್ತೊಂದು ವಾರ ಪೆಟ್ರೋಲ್ ಪಂಪು ಕಮ್‌ಜೋರಾಗಿದೆಯೆಂದು ಅದನ್ನೂ, ಫಿಲ್ಟರನ್ನೂ ಹೊಸದು ಹಾಕಿದ. ಪ್ರತಿ ಸಲವೂ ದಂಡೆಗೆ ಕಟ್ಟಿದಲ್ಲೇ ಇಂಜಿನ್ ಚಾಲೂ ಮಾಡಿ, ಅದು ಗುರುಗುಡುವುದನ್ನು ಕೇಳಿ "ಏಕ್‌ದಮ್ ಫಸ್ಟ್ ಕ್ಲಾಸ್" ಎನ್ನುತ್ತಿದ್ದ. ಒಂದು ಸಲವೂ ತಾನು ಹತ್ತಿ ನಡುನೀರಿಗೆ ಹೋಗಲಿಲ್ಲ. ಆ ಮನುಷ್ಯನಲ್ಲಿ ನಾನು ಕಂಡ ಒಂದೇ ಬುದ್ಧಿವಂತಿಕೆ ಅದು.

ಇದೆಲ್ಲ ನನಗೆ ಗೊತ್ತಾದದ್ದು ಒಂದು ಊಟದ ಹೊತ್ತಿನಲ್ಲಿ. ಭಾವ ಗಂಟಲೇರಿಸಿ ಬೋಟಿನ ವರ್ಣನೆ ಮಾಡುತ್ತಿದ್ದ.

"ದಂಡಿಯೊಳಗ ಎಷ್ಟೊತ್ತು ಬಿಟ್ರೂ ಓಡತೈತಿ. ನಡುವ ಹೋಗಿ ರೇಸ್ ಕೊಟ್ವಿ ಅಂದ್ರ ಕೆಮ್ಮಾಕ ಸುರು ಮಾಡತೈತಿ, ಆಮ್ಯಾಲ ಬಂದ್. ಸ್ವಲ್ಪೊತ್ತು ಬಿಟ್ಟು ಸೆಲ್ಫ್ ಹೊಡದ್ರ ಮತ್ತ ಚಾಲೂ ಆಗತೈತಿ. ಮತ್ತ ಬಂದ್."

ನಾನು ಸಾರು ಬಡಿಸುತ್ತಾ ಕೇಳಿದೆ: "ನಿಂತಾಗ ಟ್ಯಾಂಕಿನ ಮುಚ್ಚಳ ತಗದು ನೋಡೀರೇನ್ರಿ?"

"ಪೆಟ್ರೋಲ್ ತುಂಬೇತವಾ. ಮುಚ್ಚಳ ತಗದು ಏನ್ ನೋಡೂದು?"

"ಪೆಟ್ರೋಲ್ ನೋಡಾಕಲ್ರಿ. ಟ್ಯಾಂಕಿಗೆ ಗಾಳಿ ಹೋಗಾಕತ್ತೈತೋ ಇಲ್ಲೋ ಅಂತ."

ಅವನು ತಮ್ಮನ ಕಡೆ ನೋಡಿ ನಕ್ಕ. "ಇದು ಮರೀನ್ ಇಂಜಿನ್ ಐತವಾ. ನಿಮ್ಮ ಹುಡುಗೂರು ಬಿಚ್ಚಿ ಹಾಕೂ ಹಳೇ ಆಟೋ ಅಲ್ಲ."

ನನ್ನ ಗಂಡ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಕಲಸತೊಡಗಿದ. ಬಹಳ ಹೊತ್ತು ಕಲಸಿದ.

ಟ್ಯಾಂಕಿನಿಂದ ಪೆಟ್ರೋಲು ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಅದಕ್ಕೆಂದೇ ಒಂದು ಸಣ್ಣ ಗಾಳಿತೂತು ಇರುತ್ತದೆ. ಅದು ಮುಚ್ಚಿದರೆ ಇಂಜಿನ್ ಟ್ಯಾಂಕನ್ನೇ ಹೀರಿ ಹೀರಿ, ಕೊನೆಗೆ ಪೆಟ್ರೋಲು ಬರದೆ ನಿಲ್ಲುತ್ತದೆ. ನಿಧಾನ ಓಡುವಾಗ ಬೇಡಿಕೆ ಕಡಿಮೆ, ಆದ್ದರಿಂದ ದಂಡೆಯಲ್ಲಿ ಗೊತ್ತಾಗುವುದಿಲ್ಲ. ನಿಂತ ಮೇಲೆ ಎಲ್ಲಿಂದಲೋ ಚೂರು ಗಾಳಿ ಜಿನುಗಿ ಒಳಗೆ ಹೋಗಿ ಮತ್ತೆ ಚಾಲೂ ಆಗುತ್ತದೆ. ನನ್ನ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಇದನ್ನು ಕೇಳಿದರೆ ಹೇಳುತ್ತಾರೆ. ಆದರೆ ನನ್ನನ್ನು ಆಮೇಲೆ ಯಾರೂ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪಂಪು ಬದಲಾಯಿಸಿದ ಮೇಲೂ ಬೋಟು ನಿಂತಾಗ ಭಾವನಿಗೆ ಅದು ದೃಷ್ಟಿ ಎಂದು ಹೊಳೆಯಿತು. ಫಾರ್ಮ್‌ಹೌಸಿನ ಗೆಳೆಯನ ಕಣ್ಣೇ ತಾಗಿರಬೇಕೆಂದು ತೀರ್ಮಾನವಾಯಿತು. ಒಂದು ಭಾನುವಾರ ಎಲ್ಲರೂ ಬರಬೇಕು, ನಡುನೀರಿನಲ್ಲಿ ಇಂಜಿನ್ನಿಗೆ ಪೂಜೆ ಆಗಬೇಕು ಎಂದು ಅಪ್ಪಣೆಯಾಯಿತು. ಗಂಡ ಶನಿವಾರವೇ ಇಸ್ತ್ರಿ ಅಂಗಿ ತೆಗೆದಿಟ್ಟುಕೊಂಡ.

ಬೋಟಿನಲ್ಲಿ ನಾವು ಐದು ಜನ: ಭಾವ, ಅವನ ಹೆಂಡತಿ ಎಂದರೆ ನನ್ನ ನೆಗೆಣ್ಣಿ, ಅತ್ತೆ, ನನ್ನ ಗಂಡ, ನಾನು. ಎಕ್ಸ್‌ಪರ್ಟು ಎಂದಿನಂತೆ ದಂಡೆಯ ಕುರ್ಚಿಯಲ್ಲಿ. ಲೈಫ್ ಜಾಕೆಟ್ಟುಗಳು ರೇಷ್ಮೆ ಸೀರೆಯ ಮೇಲೆ ಚೆನ್ನಾಗಿ ಕಾಣುವುದಿಲ್ಲವೆಂದು ಭಾವ ಅವನ್ನು ಸೀಟಿನಡಿ ಇಡಿಸಿದ್ದ. ನಾನು ಎಳೆದು ತೆಗೆದು ಅತ್ತೆಗೆ ಒಂದು ತೊಡಿಸಿ, ನಾನೂ ಒಂದು ತೊಟ್ಟೆ. "ನೋಡ್ರಿ, ಹೆದರೇ ಬಿಟ್ಲು" ಎಂದು ಅವನು ನಕ್ಕ. ತಮ್ಮನೂ ನಕ್ಕ.

ಕೆರೆಯ ನಡುವಿನವರೆಗೆ ಬೋಟು ಸೊಗಸಾಗಿ ಓಡಿತು ಎಂದು ಒಪ್ಪಿಕೊಳ್ಳಬೇಕು. ನೀರು ಎರಡೂ ಕಡೆ ಸೀಳಿ ಹಾರುತ್ತಿತ್ತು. ಅತ್ತೆ ಕಣ್ಣು ಮುಚ್ಚಿ ದೇವರ ನಾಮ ಹೇಳುತ್ತಿದ್ದರು. ಭಾವ ಹಿಂತಿರುಗಿ ನಮ್ಮ ಮುಖಗಳಲ್ಲಿ ಮೆಚ್ಚುಗೆ ಹುಡುಕುತ್ತಿದ್ದ. ಅಷ್ಟರಲ್ಲಿ ಇಂಜಿನ್ ಒಮ್ಮೆ ತಡವರಿಸಿತು, ಚೇತರಿಸಿಕೊಂಡಿತು, ಮತ್ತೆ ತಡವರಿಸಿ ಸದ್ದಿಲ್ಲದೆ ಸತ್ತಿತು.

ಜೆಟ್ ಬೋಟಿಗೆ ಹಿಂಭಾಗದಲ್ಲಿ ಫ್ಯಾನಿನ ಹಾಗೆ ತಿರುಗುವ ರೆಕ್ಕೆ ಇರುವುದಿಲ್ಲ. ಹೊಟ್ಟೆಯಡಿಯ ಪಂಪು ನೀರನ್ನು ಎಳೆದು ಹಿಂದಕ್ಕೆ ಚಿಮ್ಮುತ್ತದೆ. ಆ ಚಿಮ್ಮುವ ನೀರನ್ನು ಅತ್ತಿತ್ತ ತಿರುಗಿಸಿದರೇ ಬೋಟು ತಿರುಗುವುದು. ಇಂಜಿನ್ ನಿಂತಿತೆಂದರೆ ಸ್ಟಿಯರಿಂಗಿನಿಂದ ಪ್ರಯೋಜನವಿಲ್ಲ. ಇಷ್ಟೆಲ್ಲ ತಿಂಗಳು ಆ ಬೋಟನ್ನು ಇಟ್ಟುಕೊಂಡಿದ್ದವನಿಗೆ ಇದು ಗೊತ್ತಿರಲಿಲ್ಲ. ಘಾಟಿಯಲ್ಲಿ ಬಸ್ಸು ಹೊಡೆಯುವವನ ಹಾಗೆ ಸ್ಟಿಯರಿಂಗ್ ಜಗ್ಗಾಡಿದ. ಬೋಟು ಅದನ್ನು ಲೆಕ್ಕಿಸದೆ ಗಾಳಿ ತಳ್ಳಿದ ಕಡೆಗೆ, ಕೆರೆಯ ಮೂಲೆಯಲ್ಲಿ ಹಸಿರಾಗಿ ಹಾಸಿಕೊಂಡಿದ್ದ ಅಂತರಗಂಗೆಯ ಕಳೆಯ ಕಡೆಗೆ, ಅಡ್ಡಡ್ಡ ತೇಲತೊಡಗಿತು. ಅವನು ಸೆಲ್ಫ್ ಹೊಡೆದ. ಹೊಡೆದೇ ಹೊಡೆದ. ಬ್ಯಾಟರಿ ಗೊಗ್ಗರು ದನಿಯಲ್ಲಿ ನರಳುವವರೆಗೆ ಹೊಡೆದ.

"ಇರ್ಲಿ, ಪೂಜಾ ಮುಗಿಸಿಬಿಡೂಣು," ಎಂದು ಹಿಂದೆ ಹೋಗಿ ಇಂಜಿನ್ನಿನ ಮುಚ್ಚಳ ಎತ್ತಿದ.

ಪೆಟ್ರೋಲಿನ ವಾಸನೆ ಮುಖಕ್ಕೆ ಬಡಿಯಿತು. ಬಗ್ಗಿ ನೋಡಿದೆ. ಹೊಸ ಫಿಲ್ಟರಿನ ಹತ್ತಿರ ಪೈಪು ಒದ್ದೆಯಾಗಿತ್ತು, ಅದರ ಕ್ಲಿಪ್ಪನ್ನು ಎಕ್ಸ್‌ಪರ್ಟು ಬಿಗಿ ಮಾಡಿರಲಿಲ್ಲ. ಕೆಳಗೆ ತಳದಲ್ಲಿ ಬಣ್ಣಬಣ್ಣದ ಪೊರೆ ಹೊಳೆಯುತ್ತಿತ್ತು. ಇಂಜಿನ್ ಗೂಡಿನ ಹವೆಯನ್ನು ಹೊರಗೆ ಹಾಕಲು ಇಂಥ ಬೋಟುಗಳಲ್ಲಿ ಒಂದು ಫ್ಯಾನು ಇರುತ್ತದೆ. ಇದರಲ್ಲೂ ಇತ್ತು. ಅದರ ವೈರನ್ನು ಕಿತ್ತು ಹಾಡಿನ ಸ್ಪೀಕರಿಗೆ ಕೊಟ್ಟಿದ್ದರು.

ತಲೆ ಎತ್ತಿದಾಗ ನೆಗೆಣ್ಣಿ ಮುಂದಿನ ಸೀಟಿನಿಂದ ಎದ್ದು ಬರುತ್ತಿದ್ದಳು. ಕೈಯಲ್ಲಿ ಆರತಿ ತಟ್ಟೆ. ತಟ್ಟೆಯಲ್ಲಿ ಕರ್ಪೂರ ಆಗಲೇ ಉರಿಯುತ್ತಿತ್ತು. ಗಾಳಿಗೆ ಆರದಂತೆ ಅಂಗೈ ಅಡ್ಡ ಹಿಡಿದು, ಜೋಪಾನವಾಗಿ ಹೆಜ್ಜೆ ಇಡುತ್ತಿದ್ದಳು.

ನಾನು ಕೂಗಲಿಲ್ಲ, ಅದಕ್ಕೆ ಹೊತ್ತಿರಲಿಲ್ಲ. ಅವಳ ಮಣಿಕಟ್ಟಿಗೆ ಕೈ ಬೀಸಿ ಹೊಡೆದೆ. ತಟ್ಟೆ ಹಾರಿ ಪಕ್ಕದ ನೀರಿಗೆ ಬಿತ್ತು. ಕುಂಕುಮ ಅವಳ ಸೀರೆಯ ಮೇಲೆಲ್ಲ ಚೆಲ್ಲಿತು. ತಟ್ಟೆ ಮುಳುಗಿತು, ಕರ್ಪೂರದ ಬಿಲ್ಲೆ ಮಾತ್ರ ಉರಿಯುತ್ತಲೇ ತೇಲಿಕೊಂಡು ದೂರ ಹೋಯಿತು.

"ಏ!" ಭಾವ ಗುಡುಗಿದ. "ಆರತಿ ತಾಟು ನೀರಿಗೆ ಒಗದ್ಲು! ನೋಡಿದ್ಯಾ ನಿನ್ನ ಹೇಂತಿ ಮಾಡಿದ್ದು?"

ಕೇಳಿದ್ದು ತಮ್ಮನನ್ನು. ತಮ್ಮ ನೀರು ನೋಡುತ್ತಿದ್ದ.

"ಮಂಗಳಾರತಿ ಅಲ್ಲೇನ ಅದು?" ಅತ್ತೆ ಅಳತೊಡಗಿದರು. "ಅಪಶಕುನ ಆತು. ಈಗ ನಾವು ಮನಿ ಮುಟ್ಟೂದಿಲ್ಲ."

"ಪೆಟ್ರೋಲ್ ಸೋರಿ ಕೆಳಗ ನಿಂತೈತಿ. ಬೆಂಕಿ ಇನ್ನೊಂದು ಹೆಜ್ಜಿ ಮುಂದ ಬಂದಿದ್ರ ಎಲ್ಲಾರೂ ಸುಟ್ಟು ಹೋಗತಿದ್ವಿ," ಎಂದೆ.

"ಸುಟ್ಟು ಹೋಗೂದಕ್ಕ ಇದೇನ್ ಗ್ಯಾಸ್ ಸಿಲಿಂಡರ್ ಏನು?" ಎಂದ ಭಾವ. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಮದುವೆಯಾದಾಗಿನಿಂದ ಅವನೆದುರು ಎತ್ತದ ದನಿಯಲ್ಲಿ, "ಬಾಯಿ ಮುಚ್ಚಿ ಮುಂದ ಹೋಗಿ ಕೂಡ್ರಿ. ಯಾರೂ ಕಡ್ಡಿ ಗೀರಬ್ಯಾಡ್ರಿ, ಸೆಲ್ಫ್ ಮುಟ್ಟಬ್ಯಾಡ್ರಿ," ಎಂದೆ. ಆ ಸಿಟ್ಟಿನಲ್ಲೂ ಬಹುವಚನ ತಪ್ಪಲಿಲ್ಲ, ರೂಢಿ.

ಅವನು ಹೋಗಿ ಕೂತ. ಅದು ನನ್ನ ಮಾತಿಗೋ, ಅಷ್ಟರಲ್ಲಿ ಬೋಟು ಅಂತರಗಂಗೆಯ ಅಂಚಿಗೆ ತಗುಲಿ ನಿಂತ ಕುಲುಕಿಗೋ ಹೇಳಲಾರೆ. ನಾನು ಇಂಜಿನ್ ಗೂಡಿನ ಮುಚ್ಚಳವನ್ನು ಪೂರ್ತಿ ತೆರೆದಿಟ್ಟು ಗಾಳಿ ಆಡಲು ಬಿಟ್ಟೆ. ನಿಂಬೆಹಣ್ಣು ಕೊಯ್ಯಲು ತಂದಿದ್ದ ಚಾಕುವಿನ ತುದಿಯಿಂದ ಕ್ಲಿಪ್ಪಿನ ಸ್ಕ್ರೂ ಬಿಗಿಮಾಡಿದೆ. ಪೂಜೆಗೆ ತಂದಿದ್ದ ಟವೆಲ್ಲಿನಿಂದ ತಳ ಒರೆಸಿ ಒರೆಸಿ ಹಿಂಡಿದೆ. ಹಿಂಡಿದ್ದನ್ನು ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ತುಂಬಿ ಮುಚ್ಚಿ, ಮುಂದುಗಡೆ ದೂರ ಇಟ್ಟೆ. ಅದು ಚಿತ್ರಾನ್ನ ತಂದ ಡಬ್ಬಿ. ಚಿತ್ರಾನ್ನವನ್ನು ಏನು ಮಾಡಿದೆನೆಂದು ನೆನಪಿಲ್ಲ.

ಆಮೇಲೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಹತ್ತಿರ ಹೋಗಿ ಅದನ್ನು ತಿರುವಿದೆ. ಬಿಗಿಯಾಗಿತ್ತು. ಮತ್ತೊಮ್ಮೆ ಬಲ ಹಾಕಿದೆ. ಸುಸ್ಸ್ ಎಂದು ಟ್ಯಾಂಕು ಉಸಿರೆಳೆದುಕೊಂಡಿತು. ನೀರಿನಡಿ ಬಹಳ ಹೊತ್ತು ಇದ್ದು ಮೇಲೆ ಬಂದವರು ಎಳೆದುಕೊಳ್ಳುವಂಥ ದೀರ್ಘ ಉಸಿರು. ಅತ್ತೆಯೂ ಅಳು ನಿಲ್ಲಿಸಿ ತಿರುಗಿ ನೋಡಿದರು.

"ಏನದು ಸಪ್ಪಳ?" ಎಂದ ಭಾವ.

"ಗಾಳಿ," ಎಂದೆ. ವಿವರಿಸಲಿಲ್ಲ. ಊಟದ ದಿನ ವಿವರಿಸಲು ತಯಾರಿದ್ದೆ.

ಹಾಗೆಂದು ತಕ್ಷಣ ಇಂಜಿನ್ ಚಾಲೂ ಮಾಡುವಂತಿರಲಿಲ್ಲ. ಬೋಟಿನಡಿ ಅಂತರಗಂಗೆ ಇದ್ದರೆ ಪಂಪು ಅದನ್ನೇ ಎಳೆದುಕೊಂಡು ಕಟ್ಟಿಕೊಳ್ಳುತ್ತದೆ. ಹುಟ್ಟು ಇಲ್ಲ. ಅಣ್ಣತಮ್ಮಂದಿರಿಬ್ಬರೂ ಬಗ್ಗಿ ಕೈಯಿಂದಲೇ ಬಳ್ಳಿ ಕಿತ್ತು, ಸೀಟಿನ ಹಲಗೆ ಬಿಚ್ಚಿ ಅದನ್ನೇ ಹುಟ್ಟು ಮಾಡಿಕೊಂಡು ಹಿಂದಕ್ಕೆ ಜಗ್ಗಬೇಕಾಯಿತು. ಭಾವ ಚಿನ್ನದ ಗಡಿಯಾರ ಬಿಚ್ಚಿ ಹೆಂಡತಿಗೆ ಕೊಟ್ಟು, ಮೊಣಕೈವರೆಗೆ ಲೋಳೆಯಲ್ಲಿ ಮುಳುಗಿದ. ಕೆಂಪು ರೆಕ್ಸಿನ್ ಮೇಲೆ ಕೆಸರು, ಬೇರು, ಒಂದು ಬಸವನಹುಳು. ಆ ಕೆಲಸದ ಮಟ್ಟಿಗೆ ಅವನನ್ನು ನೋಡಲು ನನಗೆ ಬೇಸರವಾಗಲಿಲ್ಲ.

ಬಯಲು ನೀರಿಗೆ ಬಂದಮೇಲೆ ಮತ್ತೊಮ್ಮೆ ಮೂಸಿ ನೋಡಿದೆ. ವಾಸನೆ ಹೋಗಿತ್ತು, ಕ್ಲಿಪ್ಪು ಒಣಗಿತ್ತು. ಟ್ಯಾಂಕಿನ ಮುಚ್ಚಳವನ್ನು ಪೂರ್ತಿ ಬಿಗಿಯದೆ ಒಂದು ಸುತ್ತು ಸಡಿಲವಾಗಿಯೇ ಬಿಟ್ಟೆ. ಬ್ಯಾಟರಿಯಲ್ಲಿ ಉಳಿದಿದ್ದ ಜೀವಕ್ಕೆ ಇಂಜಿನ್ ಒಮ್ಮೆಲೇ ಹಿಡಿದುಕೊಂಡಿತು. ದಂಡೆಗೆ ಬರುವವರೆಗೂ ಒಂದೇ ಒಂದು ಸಲವೂ ಕೆಮ್ಮಲಿಲ್ಲ. ಸ್ಟಿಯರಿಂಗ್ ಹಿಡಿದದ್ದು ಭಾವನೇ. ದಂಡೆಯ ಹತ್ತಿರ ಬಂದಾಗ ಕೂದಲು ಸರಿಮಾಡಿಕೊಂಡು, ಗೆಳೆಯನ ಕಡೆಗೆ ಕೈಯನ್ನೂ ಬೀಸಿದ.

ಇಳಿದ ಮೇಲೆ ನಾನು ಗಾಳಿತೂತು ಹುಡುಕಿದೆ. ಟ್ಯಾಂಕಿನಿಂದ ಒಂದು ಸಣ್ಣ ಪೈಪು ಬೋಟಿನ ಪಕ್ಕೆಯವರೆಗೆ ಹೋಗಿತ್ತು. ಹೊರಗಿನಿಂದ ನೋಡಿದರೆ ಆ ಜಾಗದಲ್ಲಿ ತೂತೇ ಇಲ್ಲ, ಸಿಂಹದ ಎದೆ ಇತ್ತು. ಬೆರಳಾಡಿಸಿದೆ. ಸ್ಟಿಕರಿನಡಿ ಗುಳಿ ಸಿಕ್ಕಿತು. ಉಗುರಿನಿಂದ ಅಂಚು ಎಬ್ಬಿಸಿ ಕುತ್ತಿಗೆಯಿಂದ ಹೊಟ್ಟೆಯವರೆಗೆ ಸುಲಿದೆ. ತೂತು ಕಂಡಿತು.

ಎಕ್ಸ್‌ಪರ್ಟು ಕುರ್ಚಿ ಬಿಟ್ಟು ಎದ್ದು ಬಂದು ಬಗ್ಗಿ ನೋಡಿದ. "ಮೈ ಪೈಲೇಚ್ ಬೋಲಾ ಥಾ ಸಾಬ್, ಹವಾ ಕಾ ಚಕ್ಕರ್ ಹೈ," ಎಂದ. ಇದು ಗಾಳಿಯದೇ ತೊಂದರೆ ಎಂದು ಮೊದಲೇ ಹೇಳಿದ್ದನಂತೆ. ಕ್ಲಿಪ್ಪಿನ ವಿಷಯ ಎತ್ತಿದೆ. ಬೋಟು ಕುಲುಕಾಡಿ ತಾನೇ ಸಡಿಲವಾಗಿರಬೇಕು ಎಂದ. ಭಾವ ಅವನ ಮಾತನ್ನು ನಂಬಿದ. ಇಬ್ಬರಿಗೂ ಒಬ್ಬರನ್ನೊಬ್ಬರು ನಂಬುವುದು ಅಗತ್ಯವಾಗಿತ್ತು.

ಭಾವ ಸುಲಿದ ಸಿಂಹವನ್ನು ನೋಡುತ್ತಾ ನಿಂತಿದ್ದ. ಕೊನೆಗೆ, "ಆ ಸ್ಟಿಕರ್‌ನವಗ ಬುದ್ಧಿ ಇಲ್ಲ," ಎಂದ. ಸ್ವಲ್ಪ ಹೊತ್ತು ಬಿಟ್ಟು, "ಎದಿಯೊಳಗ ತೂತಿದ್ದ ಸಿಂಹ ನೋಡಾಕ ಚಲೋ ಅನಸಂಗಿಲ್ಲ. ಬ್ಯಾರೇ ಡಿಜೈನ್ ತರಸಬೇಕು," ಎಂದ. ಅಷ್ಟೇ. ನಾವು ಬದುಕಿ ಬಂದದ್ದರ ಬಗ್ಗೆ ಅವನು ಆಡಿದ ಮಾತು ಅದೇ.

ಭಾವನ ಕಾರಿನಲ್ಲಿ ದಿಲ್‌ಸುಖ್‌ನಗರದವರೆಗೆ ಬಂದೆವು. ಅಲ್ಲಿಂದ ನಾನೂ ಗಂಡನೂ ಕೂಕಟ್‌ಪಲ್ಲಿಗೆ ಮೆಟ್ರೊ ಹತ್ತಿದೆವು. ಅವನ ಇಸ್ತ್ರಿ ಅಂಗಿಯ ತೋಳುಗಳು ಹಸಿರಾಗಿದ್ದವು. ಪಕ್ಕದವರು ಮೂಗು ಮುಚ್ಚಿಕೊಂಡು ದೂರ ಸರಿದರು.

"ತಾಟು ಹಂಗ ಒಗೀಬಾರ್ದಾಗಿತ್ತು," ಎಂದ ಅವನು, ಎಷ್ಟೋ ನಿಲ್ದಾಣಗಳ ನಂತರ. "ಅಣ್ಣಗ ಎಲ್ಲಾರ ಮುಂದ ಬಾಯಿ ಮುಚ್ಚು ಅಂದಿ. ಭಾಳ ನೊಂದಾನ ಅಂವ."

"ಮುಚ್ಚಳ ಎತ್ತಿದಾಗ ನಿಮಗ ಪೆಟ್ರೋಲ್ ವಾಸನಿ ಬರಲಿಲ್ಲೇನ್ರಿ?"

"ಬಂದಿತ್ತು."

"ನಿಮ್ಮ ವೈನಿ ಕರ್ಪೂರ ಹಚ್ಚಿದ್ದು ನೋಡಿದ್ರಿಲ್ಲೊ?"

"ನೋಡಿದ್ದೆ."

"ಮತ್ತ?"

ಅವನು ನನ್ನನ್ನು ಆಶ್ಚರ್ಯದಿಂದ ನೋಡಿದ. ಇಷ್ಟು ಸರಳ ವಿಷಯ ನನಗೆ ಅರ್ಥವಾಗುತ್ತಿಲ್ಲವಲ್ಲ ಎಂಬ ಆಶ್ಚರ್ಯ.

"ಅಣ್ಣ ಇದ್ದನಲ್ಲ," ಎಂದ.

ಭಾವನ ಬಗ್ಗೆ ನನಗಿದ್ದದ್ದು ಹಳೆಯ ತಿರಸ್ಕಾರ, ಅಭ್ಯಾಸವಾಗಿತ್ತು. ಒಂದು ಬಗೆಯ ಮನರಂಜನೆಯೂ ಅದರಲ್ಲಿತ್ತು. ಆ ಸಂಜೆ ಮೆಟ್ರೊದಲ್ಲಿ ಹುಟ್ಟಿದ್ದು ಹೊಸದು. ಪಕ್ಕದಲ್ಲಿ ಕೂತ ಈ ಮನುಷ್ಯನ ಜೊತೆ ಇನ್ನೂ ಎಷ್ಟೋ ವರ್ಷ ಒಂದೇ ಅಡುಗೆಮನೆಯ ಊಟ ಮಾಡಬೇಕಿತ್ತು. ಮಾಡುತ್ತಿದ್ದೇನೆ. ಅವನು ಕೆಟ್ಟವನಲ್ಲ. ಗ್ಯಾಸ್ ವಾಸನೆ ಬಂದರೆ ತಾನಾಗಿ ಎದ್ದು ಆರಿಸುತ್ತಾನೆ, ಅಣ್ಣ ಮನೆಯಲ್ಲಿಲ್ಲದಿದ್ದರೆ.

ನೆಂಟರಲ್ಲಿ ಸುದ್ದಿ ಬೇರೆಯೇ ಹಬ್ಬಿತು. ಅಂತರಗಂಗೆಯಲ್ಲಿ ಸಿಕ್ಕಿಕೊಂಡ ಬೋಟನ್ನು ಭಾವ ಬರಿಗೈಯಲ್ಲಿ ಬಿಡಿಸಿ ತಾಯಿಯನ್ನು ದಡ ಸೇರಿಸಿದನಂತೆ. ನಾನು ಹೆದರಿ ಆರತಿ ತಟ್ಟೆ ಎಸೆದೆನಂತೆ. ಅತ್ತೆ ಕೆಲವು ವಾರ ನನ್ನ ಕೈಯ ಚಹಾ ಕುಡಿಯಲಿಲ್ಲ. ಬೋಟಿಗೆ ಹೊಸ ಸ್ಟಿಕರ್ ಬಂತು, ಈ ಸಲ ಗಾಳಿತೂತಿನ ಜಾಗ ಬಿಟ್ಟು ಹಚ್ಚಿದ ಹದ್ದು.

ಮುಂದೊಂದು ದಿನ ಮದುವೆಯೊಂದರ ಉಡುಗೊರೆ ಬಟ್ಟೆಗೆಂದು ನೆಗೆಣ್ಣಿಯೂ ನಾನೂ ಸುಲ್ತಾನ್ ಬಜಾರಿಗೆ ಹೋಗಬೇಕಾಯಿತು. ಅವಳು ಹೆಚ್ಚು ಮಾತಿನವಳಲ್ಲ. ಕುಪ್ಪಸದ ಕಣಗಳ ರಾಶಿಯ ಮುಂದೆ ನಿಂತು, ಬಣ್ಣ ನೋಡುತ್ತಿರುವವಳ ಹಾಗೆ ತಲೆ ತಗ್ಗಿಸಿಯೇ ಕೇಳಿದಳು.

"ಒಂದ್ ಮಾತು ಖರೇ ಹೇಳತಿ? ಅವತ್ತ ಖರೇನ ಹೊತ್ಕೊಳ್ತಿತ್ತೇನ?"

"ಹೊತ್ಕೊಳ್ತಿತ್ರಿ ಅಕ್ಕಾರ."

"ಕರ್ಪೂರ ಹಚ್ಚಿದ್ದು ನಾ."

"ನಿಮಗ ಹಚ್ಚು ಅಂದವರು ಅವರು."

ಅವಳು ಕೈಯಲ್ಲಿದ್ದ ಕಣವನ್ನು ಮಡಚಿ ರಾಶಿಯ ಮೇಲಿಟ್ಟಳು. ಅಂಗಡಿಯವನು ತೆಲುಗಿನಲ್ಲಿ ಏನೋ ಬಣ್ಣ ಹೇಳುತ್ತಿದ್ದ, ಅವಳಿಗೆ ಕೇಳಿಸಲಿಲ್ಲ. ಬೆನ್ನ ಹಿಂದಿನಿಂದ ಜನ ತಳ್ಳುತ್ತಿದ್ದರು.

"ಮಕ್ಕಳೂ ಬರೂದಿತ್ತು ಅವತ್ತ," ಎಂದಳು. "ಪರೀಕ್ಷಾ ಅಂತ ಬಿಟ್ಟು ಬಂದಿದ್ವಿ."

ಬಜಾರಿಗೆ ಹೋಗಿಬಂದ ಮುಂದಿನ ಭಾನುವಾರ ಊಟದ ಹೊತ್ತಿನಲ್ಲಿ, ಅತ್ತೆಯ ಎದುರಿಗೇ, ನಮ್ಮಿಬ್ಬರ ಎದುರಿಗೇ, ಅವಳು ಗಂಡನಿಗೆ ಹೇಳಿದಳು: "ನಾ ಇನ್ನ ಮ್ಯಾಲ ಆ ಬೋಟಿನ್ಯಾಗ ಕೂಡಂಗಿಲ್ಲ. ಮಕ್ಕಳನ್ನೂ ಕಳಸಂಗಿಲ್ಲ."

"ಯಾಕ? ಈಗ ಚಲೋ ಓಡಾಕತ್ತೈತಲ್ಲ?"

"ಓಡಲಿ. ನೀವೊಬ್ರ ಹೋಗಿ ಓಡಿಸ್ರಿ."

ಜಗಳವಿಲ್ಲ, ಕಣ್ಣೀರಿಲ್ಲ. ಅನ್ನ ಬಡಿಸುತ್ತಾ ಹೇಳಿ, ಬಡಿಸುವುದನ್ನು ಮುಂದುವರಿಸಿದಳು. ಅವನು ನಗಲು ನೋಡಿದ. ಜೊತೆಗೆ ನಗುವವರು ಸಿಗಲಿಲ್ಲ. ನನ್ನ ಗಂಡ ಕೂಡ ಆ ಸಲ ತಟ್ಟೆಯಿಂದ ತಲೆ ಎತ್ತಲಿಲ್ಲ.

ಒಬ್ಬನೇ ಹೋಗಿ ಓಡಿಸುವ ಮನುಷ್ಯ ಅವನಲ್ಲ. ಹಿಂದೆ ಕೂತು ನೋಡುವವರಿಲ್ಲದಿದ್ದರೆ ಅವನಿಗೆ ವೇಗದಲ್ಲೂ ರುಚಿಯಿಲ್ಲ. ಒಂದೆರಡು ಸಲ ಎಕ್ಸ್‌ಪರ್ಟನ್ನು ಕರೆದು ನೋಡಿದನಂತೆ. ಆ ಜಾಣ ಸೊಂಟನೋವು ಎಂದು ದಂಡೆಯಲ್ಲೇ ಉಳಿದನಂತೆ. ಮಳೆಗಾಲ ಮುಗಿಯುವ ಹೊತ್ತಿಗೆ ಬೋಟು ಯಾವುದೋ ರೆಸಾರ್ಟಿನವರಿಗೆ ಹೋಯಿತು. ಅದು ಹೋಗುವ ಮುಂಚೆ ನಾನು ಕೊಂಡವನಿಗೆ ಫೋನು ಮಾಡಿ, ಹವೆ ಹೊರಹಾಕುವ ಫ್ಯಾನಿನ ವೈರು ಮೊದಲು ಜೋಡಿಸಿಕೊಳ್ಳಿ ಎಂದು ಹೇಳಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡು, "ಮೇಡಂ, ಮನೆಯಲ್ಲಿ ಗಂಡಸರು ಯಾರಾದರೂ ಇದ್ದರೆ ಫೋನು ಕೊಡಿ," ಎಂದ.

ಕೊಟ್ಟೆ. ನನ್ನ ಗಂಡ ನಾನು ಹೇಳಿದ್ದನ್ನೇ ಒಂದೊಂದಾಗಿ ಹೇಳಿದ. ಆ ಕಡೆಯವನು ಬರೆದುಕೊಂಡ.